ಅಮ್ಮ ಜಗಳಕ್ಕೆ ಹೊರಟಳು

"ಈ ಸಲ ಯಾರ ಮನೇಲೂ ಇಳಿಯೋದಿಲ್ಲ. ಸೀದಾ ಅವಳ ಮನೆ," ಅಂದಳು ಅಮ್ಮ.

ನಾನು ಪಾತ್ರೆ ಒರೆಸುತ್ತಿದ್ದೆ. ಊಟಕ್ಕೆ ಕೂತಿದ್ದ ನನ್ನ ಗಂಡ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಇದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅಮ್ಮನೇ ಅವರ ಮೇಲೆ ಹರಿಹಾಯುತ್ತಿದ್ದಳು.

ಏಕೆಂದರೆ ಆ ಕಟ್ಟಳೆ ಅಮ್ಮನದೇ. ದಾರಿಯಲ್ಲಿ ನೆಂಟರ ಮನೆಯಿರಲಿ, ಗೆಳೆಯರ ಮನೆಯಿರಲಿ, ಇಳಿಯದೆ ದಾಟಿ ಹೋಗುವಂತಿಲ್ಲ. ಇಳಿದರೆ ಕೂರಬೇಕು, ಕೂತರೆ ಉಣ್ಣಬೇಕು, ಉಂಡರೆ ಒಂದು ರಾತ್ರಿ ತಂಗಬೇಕು. ಪ್ರತಿ ರಜೆಯಲ್ಲೂ ನಾವು ಹೊರಡುತ್ತಿದ್ದದ್ದು ಚಿಕ್ಕಮ್ಮನ ಮನೆಗೆಂದೇ. ಆದರೆ ಮೊದಲು ಅಮ್ಮನ ಅಣ್ಣನ, ಅಂದರೆ ನಮ್ಮ ಮಾವನ ಮನೆ ಬರುತ್ತಿತ್ತು, ಆಮೇಲೆ ನನ್ನ ಗಂಡನ ಬಸ್ಸಿನ ಹಳೆಯ ಕಂಡಕ್ಟರ್ ಮನೆ. ಅಷ್ಟರಲ್ಲಿ ರಜೆ ಮುಗಿದು ಕಾರು ಹಿಂದಕ್ಕೆ ತಿರುಗುತ್ತಿತ್ತು. ಚಿಕ್ಕಮ್ಮನಾದರೂ ಬರಬಹುದಿತ್ತು ಅಂದರೆ, ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಊರಿಗೆಲ್ಲ ರಜೆ ಬಂದಾಗಲೇ ಅವಳಿಗೆ ಮೈತುಂಬ ಕೆಲಸ. ಹೀಗಾಗಿ ಅಕ್ಕತಂಗಿ ಇಬ್ಬರೂ ಫೋನಿನಲ್ಲೇ ಜಗಳ ಆಡಿಕೊಂಡು ವರ್ಷಗಳನ್ನು ದೂಡಿದ್ದರು.

ಈಗ ಆ ಫೋನೂ ನಿಂತುಹೋಗಿತ್ತು. ಚಿಕ್ಕಮ್ಮನ ಗಂಟಲಲ್ಲಿ ಗೆಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಿದ್ದರು ಡಾಕ್ಟರು. ತೆಗೆದ ಮೇಲೆ ಕತ್ತಿನಲ್ಲಿ ಮಾಡುವ ತೂತಿನಿಂದಲೇ ಉಸಿರಾಟ. ಇಷ್ಟು ದಿನ ಇದ್ದ ಧ್ವನಿ ಇರುವುದಿಲ್ಲ, ನೀರಿಗೂ ಇಳಿಯುವಂತಿಲ್ಲ. ಇದೆಲ್ಲವನ್ನೂ ಚಿಕ್ಕಮ್ಮ ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದ್ದಳು: "ಜೀವಕ್ಕೇನೂ ಆಗಲ್ಲ ಅಂತಾರೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು. ಈಗಲೇ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಧ್ವನಿ ಬರುತ್ತೆ. ಖರ್ಚಾದರೆ ಮತ್ತೆ ಮಾರನೇ ದಿನವೇ. ನೀನು ಅಳಬೇಡ. ಅತ್ತರೆ ನಿನ್ನ ಮುಖ ನೋಡೋಕಾಗಲ್ಲ."

"ಆಪರೇಷನ್ ಆದ ಮೇಲೆ ನಿಧಾನವಾಗಿ ಹೋಗಬಹುದಲ್ಲ ಅಮ್ಮ?" ಅಂದರು ನನ್ನ ಗಂಡ. "ನೋಡ್ಕೊಳ್ಳೋಕೆ ಜನ ಬೇಕಾಗೋದು ಆಗಲೇ."

"ಆಗಲೂ ಹೋಗ್ತೀನಿ. ಹೋಗಿ ಇದ್ದು ನೋಡ್ಕೊಳ್ತೀನಿ. ಆದರೆ ಈಗ ನಾನು ಅವಳ ಎದುರು ಕೂತು ಒಂದು ಸಲ ಜಗಳ ಆಡಬೇಕು. ಆಮೇಲೆ ಆಡಿದರೆ ನಾನೊಬ್ಬಳೇ ಆಡಿದ ಹಾಗಾಗುತ್ತೆ. ಅದನ್ನ ಜಗಳ ಅಂತಾರಾ?"

"ಯಾವ ವಿಷಯಕ್ಕೆ ಜಗಳ?"

"ಸೈಕಲ್ ವಿಷಯಕ್ಕೆ. ಇನ್ಯಾವುದಕ್ಕೆ?"

ಅಮ್ಮನ ಮುಂದಿನ ಹಲ್ಲಿನ ಒಂದು ಅಂಚು ಮುರಿದಿದೆ. ಹುಡುಗಿಯಾಗಿದ್ದಾಗ ತಾತನ ಸೈಕಲ್ಲಿನಲ್ಲಿ ತಂಗಿಯನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಬಿದ್ದದ್ದು. ತಂಗಿ ಹೆದರಿ ಮುಂದಿನ ಬ್ರೇಕ್ ಒತ್ತಿದಳು ಅನ್ನುವುದು ಅಮ್ಮನ ವಾದ. ತಾನು ಬ್ರೇಕ್ ಮುಟ್ಟಲೇ ಇಲ್ಲ, ಅಕ್ಕನೇ ಹಿಂದೆ ತಿರುಗಿ ಯಾರನ್ನೋ ನೋಡುತ್ತಾ ಹ್ಯಾಂಡಲ್ ತಿರುಚಿದಳು ಅನ್ನುವುದು ಚಿಕ್ಕಮ್ಮನ ವಾದ. ಮದುವೆ, ಮಕ್ಕಳು, ಸಾವು ಏನೇ ಬಂದು ಹೋಗಿದ್ದರೂ ಇಬ್ಬರೂ ಒಂದಿಂಚು ಬಿಟ್ಟುಕೊಟ್ಟಿರಲಿಲ್ಲ.

ಅಮ್ಮ ಗೆಲ್ಲುವುದಕ್ಕೆ ಹೊರಟಿರಲಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತ್ತು. ಅವಳಿಗೆ ಬೇಕಾಗಿದ್ದದ್ದು ಎದುರುಮಾತು.

ಆಮೇಲೆ ನಾನು ಮಾಡಿದ ಕೆಲಸವೇ ಎಲ್ಲ ಗೊಂದಲಕ್ಕೂ ಕಾರಣ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಗಾಜಿನಲ್ಲಿ ಕೂದಲಿನಷ್ಟು ಗೀರು ಬಿದ್ದರೂ, ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಫೋನ್ ಮಾಡಿ ಕ್ಷಮೆ ಕೇಳಿಬಿಡುತ್ತೇನೆ. ಇಲ್ಲದಿದ್ದರೆ ಊಟ ಸೇರುವುದಿಲ್ಲ. ಹೇಳದೆ ಕೇಳದೆ ಮಾವನ ಮನೆ ಮುಂದೆ ಹಾದುಹೋಗುವುದು, ಅವರು ಕಿಟಕಿಯಿಂದ ನಮ್ಮ ಕಾರನ್ನು ನೋಡುವುದು, ಇದೆಲ್ಲ ನನ್ನಿಂದಾಗದ ಕೆಲಸ. ಹೊರಡುವ ಹಿಂದಿನ ದಿನ ಎರಡೂ ಮನೆಗೆ ಫೋನ್ ಮಾಡಿದೆ. "ಬೇಜಾರು ಮಾಡ್ಕೋಬೇಡಿ, ಈ ಸಲ ಇಳಿಯೋಕಾಗಲ್ಲ. ವಾಪಸ್ ಬರುವಾಗ ಖಂಡಿತ."

"ಓಹೋ," ಅಂದರು ಮಾವ. "ನಮ್ಮ ಮನೆ ಮುಂದೆ ಎಷ್ಟೊತ್ತಿಗೆ ಬರ್ತೀರಿ?"

ಕೇಳಿದರಲ್ಲ ಅಂತ ಹೇಳಿದೆ. ಕಂಡಕ್ಟರೂ ಅದನ್ನೇ ಕೇಳಿದರು. ಅವರಿಗೂ ಹೇಳಿದೆ.

"ಕಳ್ಳತನಕ್ಕೆ ಬರ್ತೀವಿ, ನೀವು ಮಲಗಿರಿ ಅಂತ ಮನೆಯವರಿಗೇ ಫೋನ್ ಮಾಡಿದ ಹಾಗಾಯ್ತಲ್ಲೇ," ಅಂದರು ನನ್ನ ಗಂಡ.

ಭಾನುವಾರ ಬೆಳಕು ಹರಿಯುತ್ತಲೇ ಹೊರಟೆವು. ನನ್ನ ಗಂಡ ಬಸ್ ಡ್ರೈವರ್. ಕಾರಿನಲ್ಲಿ ಕೂತರೂ ಅವರ ಕೈಕಾಲು ಬಸ್ಸಿನವೇ. ತಿರುವಿನಲ್ಲಿ ಸ್ಟೀರಿಂಗನ್ನು ಎರಡೂ ತೋಳಲ್ಲಿ ತಬ್ಬಿ ತಿರುಗಿಸುತ್ತಾರೆ, ಬಸ್ ನಿಲ್ದಾಣ ಕಂಡರೆ ಸಾಕು, ವೇಗ ತಾನೇ ತಗ್ಗುತ್ತದೆ. ಕಾಯುತ್ತಾ ನಿಂತ ಜನ ನಮ್ಮನ್ನು ನೋಡಿ ಚೀಲ ಎತ್ತಿಕೊಂಡು, ಆಮೇಲೆ ಪೆಚ್ಚಾಗಿ ಕೆಳಗಿಡುತ್ತಾರೆ.

"ನಿಲ್ಲಿಸಬೇಡಪ್ಪ," ಅನ್ನುತ್ತಿದ್ದಳು ಅಮ್ಮ ಪ್ರತಿ ನಿಲ್ದಾಣದಲ್ಲೂ. ಹಿಂದಿನ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ನೆಟ್ಟಗೆ ಕೂತಿದ್ದಳು.

ಮಾವನ ಬೀದಿ ಬಂತು. ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಮಾಲು ತಲುಪಿಸಲು ಒಂದು ಸಣ್ಣ ವ್ಯಾನ್ ಇದೆ. ಅದರ ಮುಂದೆಯೂ ಪಕ್ಕದಲ್ಲೂ ದೊಡ್ಡ ದೊಡ್ಡ ಹಲ್ಲಿನ ಚಿತ್ರ. ಆ ವ್ಯಾನ್ ರಸ್ತೆಯ ಅಂಚಿನಲ್ಲಿ, ನಾವು ಹೋಗುವ ದಿಕ್ಕಿಗೇ ಮುಖ ಮಾಡಿ, ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಮಾವ ಇಸ್ತ್ರಿ ಅಂಗಿ ತೊಟ್ಟು ಸ್ಟೀರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಅತ್ತೆ, ಅವರ ಮಡಿಲಲ್ಲಿ ಬಟ್ಟೆ ಸುತ್ತಿದ ಅನ್ನದ ಪಾತ್ರೆ. ನಮ್ಮ ಕಾರು ಪಕ್ಕಕ್ಕೆ ಬಂದಾಗ ಮಾವ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು.

"ನೀವು ಇಳಿಯೋದು ಬೇಡ ಕಣ್ರೋ! ನಾವೇ ಹತ್ತಿದ್ದೀವಿ. ನಡೀರಿ ನಡೀರಿ, ಹಿಂದೆ ಬರ್ತೀವಿ!"

"ಬಾ ಅಣ್ಣ, ಬಾ," ಅಂದಳು ಅಮ್ಮ. ಬೇರೇನು ಅಂದಾಳು? ಕಾರು ಮುಂದೆ ಹೋದ ಮೇಲೆ ಕಣ್ಣು ಮುಚ್ಚಿಕೊಂಡಳು.

"ಮುಗೀತು ಬಿಡು. ಅವನು ಒಳಗೆ ಬರ್ತಾನೆ. ತಂಗಿ ಅವನ ಶುಗರ್ ಎಷ್ಟಿದೆ ಅಂತ ಕೇಳಬೇಕು. ಅತ್ತಿಗೆಯ ಮಂಡಿನೋವು ವಿಚಾರಿಸಬೇಕು. ಊಟ ಚೆನ್ನಾಗಿತ್ತು ಅನ್ನಬೇಕು. ಅಷ್ಟಕ್ಕೇ ಧ್ವನಿ ಖಾಲಿ. ಆಮೇಲೆ ನನಗೆ ಉಳಿಯೋದು ಕೈಸನ್ನೆ."

ಕನ್ನಡಿಯಲ್ಲಿ ನೋಡಿದಾಗಲೆಲ್ಲ ವ್ಯಾನಿನ ಹಲ್ಲು ಹಿಂದಿನಿಂದ ನಗುತ್ತಲೇ ಬರುತ್ತಿತ್ತು.

ಮಧ್ಯಾಹ್ನಕ್ಕೆ ಕಂಡಕ್ಟರ್ ಊರು. ನನ್ನ ಗಂಡನ ಜೊತೆ ಒಂದೇ ಬಸ್ಸಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು ಅವರು, ಮನೆಯವರಿಗಿಂತ ಹೆಚ್ಚು. "ಕಾರಿನ ಗಾಜು ಏರಿಸಿ. ಅವರ ಮನೆ ಕಡೆ ನೋಡಬೇಡಿ," ಅಂದೆ. ನನ್ನ ಗಂಡ ಗಾಜು ಏರಿಸಿ, ಗದ್ದ ಮೇಲೆತ್ತಿ, ರಸ್ತೆಯನ್ನೇ ನೋಡುತ್ತಾ ನಡೆಸಿದರು. ಅಂಗಡಿ ಸಾಲು ದಾಟಿದೆವು, ಮನೆಯೂ ದಾಟುವುದರಲ್ಲಿತ್ತು. ಆಗ ಕೇಳಿಸಿತು, ಒಂದೇ ಒಂದು ಸೀಟಿ. ಚುರುಕಾಗಿ, ಉದ್ದಕ್ಕೆ.

ಕಾರು ಗಕ್ಕನೆ ನಿಂತಿತು. ಅಮ್ಮನ ಕೈಚೀಲ ನಾನು ಕೂತ ಸೀಟಿನ ಬೆನ್ನಿಗೆ ಬಡಿಯಿತು.

"ಯಾಕೆ ನಿಲ್ಲಿಸಿದ್ರಿ?"

"ನಾನೆಲ್ಲಿ ನಿಲ್ಲಿಸಿದೆ? ಕಾಲು ನಿಲ್ಲಿಸ್ತು," ಅಂದರು ನನ್ನ ಗಂಡ, ತಮ್ಮ ಕಾಲನ್ನೇ ನೋಡುತ್ತಾ.

ಕಂಡಕ್ಟರ್ ಸೀಟಿ ಕೈಯಲ್ಲಿ ಹಿಡಿದು ಓಡಿ ಬಂದು, ಮುಂದಿನ ಬಾಗಿಲಿನ ಹಿಡಿ ಹಿಡಿದರು. "ನೋಡಿದ್ರಾ! ಇನ್ನೂ ನನ್ನ ಸೀಟಿಗೆ ನಿಲ್ಲೋ ಪ್ರಾಣಿ ಇದೊಂದೇ. ಮನೇಲಿ ಒಂದು ಲೋಟ ನೀರು ಕೇಳಿದರೂ ಯಾರೂ ಏಳಲ್ಲ. ಇಳೀರಿ, ತಟ್ಟೆ ಇಟ್ಟಾಗಿದೆ. ಎರಡು ತುತ್ತು ಅಷ್ಟೆ."

ನನ್ನ ಗಂಡ ಆಗಲೇ ಸೀಟ್ ಬೆಲ್ಟ್ ಬಿಚ್ಚಿದ್ದರು. ಅವರ ಮುಖದಲ್ಲಿ ಆಸೆ ಕಾಣುತ್ತಿತ್ತು. ಹಿಂದೆ ವ್ಯಾನ್ ನಿಂತು, ಮಾವ ಇಳಿಯುವುದಕ್ಕೆ ಒಂದು ಕಾಲು ಹೊರಗೆ ಹಾಕಿದರು. ಇಳಿದರೆ ಎರಡು ತುತ್ತಿಗೆ ಮುಗಿಯುವುದಿಲ್ಲ. ನಮ್ಮಲ್ಲಿ ಯಾವತ್ತೂ ಮುಗಿದಿಲ್ಲ. ಅಮ್ಮ ಬಿದ್ದ ಕೈಚೀಲವನ್ನು ಎತ್ತಿ ಮತ್ತೆ ಮಡಿಲಲ್ಲಿ ಅವುಚಿಕೊಂಡಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ನಾನು ಗಾಜು ಇಳಿಸಿ, ಕೈ ಹೊರಗೆ ಚಾಚಿ ಕಾರಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದೆ. "ರೈಟ್!" ಅಂತ ಕೂಗಿದೆ.

ಕಾರು ಹೊರಟಿತು. ಬೆಲ್ಟ್ ಬಿಚ್ಚಿದ ನನ್ನ ಗಂಡನಿಗೇ ತಾವು ಹೊರಟದ್ದು ಗೊತ್ತಾದದ್ದು ಸ್ವಲ್ಪ ದೂರ ಹೋದ ಮೇಲೆ. ಕಂಡಕ್ಟರ್ ಬರಿಗೈ ಚಾಚಿಕೊಂಡು ನಡುಬೀದಿಯಲ್ಲಿ ನಿಂತಿದ್ದರು. ನನಗೆ ಅಳು ಬಂತು. ಅಷ್ಟರಲ್ಲಿ ಹಿಂದಿನಿಂದ ಎರಡು ಸೀಟಿ ಕೇಳಿಸಿತು, ಬೆನ್ನುಬೆನ್ನಿಗೆ. ಬಸ್ಸಿನ ಭಾಷೆಯಲ್ಲಿ ಅದು ಹೊರಡು ಅಂತ.

"ಒಳ್ಳೆ ಮನುಷ್ಯ," ಅಂದರು ನನ್ನ ಗಂಡ, ಬೆಲ್ಟ್ ಹಾಕಿಕೊಳ್ಳುತ್ತಾ. "ನೀನು ಹೀಗೆ ಬಾರಿಸ್ತೀಯ ಅಂತ ಗೊತ್ತಿದ್ದರೆ ನಿನ್ನನ್ನೇ ಕಂಡಕ್ಟರ್ ಮಾಡ್ಕೋತಿದ್ದೆ."

ಒಂದು ತೊಡಕು ದಾಟಿತ್ತು. ಇನ್ನೊಂದು ಹಿಂದಿನಿಂದ ಹಲ್ಲು ಬಿಟ್ಟುಕೊಂಡು ಬರುತ್ತಿತ್ತು.

ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಅಮ್ಮ ನನ್ನ ತೋಳು ಹಿಡಿದಳು. "ನಾನು ಹೇಳೋಕಾಗಲ್ಲ ಕಣೇ. ಅವನು ನನ್ನ ಅಣ್ಣ. ಅವನಿಗೂ ಅವಳು ತಂಗಿಯೇ. ನೀನು ಹೇಳು. ನಮಗೆ ಸ್ವಲ್ಪ ಹೊತ್ತು ಬಿಡಿ ಅಂತ ಹೇಳು."

ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ವ್ಯಾನಿನ ಹತ್ತಿರ ಹೋದೆ. ಮಾವ ಕತ್ತು ನೀವಿಕೊಳ್ಳುತ್ತಿದ್ದರು. ಅಷ್ಟು ದೂರ ಅವರು ಗಾಡಿ ಓಡಿಸಿದವರೇ ಅಲ್ಲ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ ನೀನು?" ಅಂದರು ಅತ್ತೆ. ನಾನು ಇಲ್ಲ ಅಂದೆ. ಅವರು ಎರಡು ಬಾಳೆಹಣ್ಣು ಕೊಟ್ಟರು. ತಗೊಂಡು ವಾಪಸ್ ಬಂದೆ.

"ಹೇಳಿದೆಯಾ?"

"ಬಾಳೆಹಣ್ಣು ಕೊಟ್ಟರು ಅಮ್ಮ."

ಅಮ್ಮ ನನ್ನ ಕೈಯನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಸರಿ ಬಿಡು," ಅಂದು ಕಿಟಕಿಯ ಕಡೆ ತಿರುಗಿದಳು. ನನ್ನ ಅಮ್ಮ ಯಾವ ವಿಷಯವನ್ನೂ ಸರಿ ಬಿಡು ಅಂದು ಬಿಟ್ಟವಳಲ್ಲ. ಹಾಸಿಗೆ ಅಂಗಡಿಯಲ್ಲಿ ದುಡಿಯುವಾಗ ಒಂದು ಹೊಲಿಗೆ ಓರೆಯಾದರೆ ಇಡೀ ಹಾಸಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದವಳು. ಆ ಎರಡು ಪದ ಕೇಳಿ ಬಾಳೆಹಣ್ಣನ್ನು ಸುಲಿಯದೆ ಪಕ್ಕಕ್ಕಿಟ್ಟೆ. ನನ್ನಿಂದ ಮಾತಿನಲ್ಲಿ ಆಗುವುದಿಲ್ಲ ಅನ್ನುವುದು ಖಚಿತವಾಗಿತ್ತು. ಹಾಗಾದರೆ ಮಾತಿಲ್ಲದೆ ಮಾಡಬೇಕು.

"ಅವರ ಮನೆ ಹತ್ತಿರದ ಬೀದಿ ಬಹಳ ಇಕ್ಕಟ್ಟು ಅಲ್ವಾ ಅಮ್ಮ?"

"ಎರಡು ಗಾಡಿ ಹಿಡಿಯಲ್ಲ ಅಂತಾಳೆ."

ನಾನು ಗಂಡನ ಕಡೆ ನೋಡಿದೆ. ಅವರು ಕನ್ನಡಿ ಸರಿಮಾಡಿಕೊಂಡು ತಲೆ ಆಡಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಈಜುಕೊಳದ ಹಿಂದಿನ ಬೀದಿಗೆ ಬಂದೆವು. ಗಾಳಿಯಲ್ಲಿ ಕೊಳದ ಔಷಧಿಯ ವಾಸನೆ. ಗೋಡೆಯ ಆಚೆ ಮಕ್ಕಳ ಗಲಾಟೆ, ನೀರಿಗೆ ಬೀಳುವ ಸದ್ದು. ಚಿಕ್ಕಮ್ಮನ ಮನೆಯ ಮೆಟ್ಟಿಲ ಬುಡದಲ್ಲೇ ನಮ್ಮಿಬ್ಬರನ್ನು ಇಳಿಸಿ, ನನ್ನ ಗಂಡ ಕಾರನ್ನು ಬೀದಿಗೆ ಅಡ್ಡ ತಿರುಗಿಸಿದರು. ಇಡೀ ಬಸ್ಸನ್ನು ಸಂದಿಯಲ್ಲಿ ನಿಲ್ಲಿಸಬಲ್ಲ ಮನುಷ್ಯ ಆ ಪುಟ್ಟ ಕಾರನ್ನು ಹಿಂದೆ ಮುಂದೆ, ಹಿಂದೆ ಮುಂದೆ ಮಾಡತೊಡಗಿದರು. ವ್ಯಾನಿನ ಹಾರ್ನ್ ಬೀದಿಯ ತುದಿಯಲ್ಲೇ ಉಳಿಯಿತು.

"ಬೇಗ ಹತ್ತು," ಅಂದೆ ಅಮ್ಮನಿಗೆ.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅಗಲವಾದ ಭುಜ, ಕತ್ತರಿಸಿದ ಬಿಳಿಕೂದಲು, ಕತ್ತಿಗೆ ಸಡಿಲವಾಗಿ ಸುತ್ತಿದ ಬಟ್ಟೆ. ನನ್ನನ್ನು ನೋಡಿ ಬಾಯಿ ತೆರೆದಳು. ಅವಳು ನನ್ನನ್ನು ಮೊದಲಿನಿಂದಲೂ ಕರೆಯುವುದು "ಕಪ್ಪೆಮರಿ" ಅಂತ. ಫೋನಿನಲ್ಲೂ ಕೊಳದ ಈ ದಡದಿಂದ ಆ ದಡಕ್ಕೆ ಕೇಳುವ ಹಾಗೆ ಕರೆಯುತ್ತಿದ್ದಳು. ಅದನ್ನೇ ಕರೆಯಲು ಹೊರಟಿದ್ದಳು ಅನ್ನಿಸುತ್ತದೆ. ನಾನು ಅವಳ ಬಾಯಿಯ ಮುಂದೆ ಕೈ ಅಡ್ಡ ಹಿಡಿದೆ.

"ಬೇಡ ಚಿಕ್ಕಮ್ಮ. ನನಗೆ ಒಂದು ಮಾತೂ ಬೇಡ. ಅಮ್ಮ ಜಗಳಕ್ಕೆ ಬಂದಿದ್ದಾಳೆ. ಅವಳ ಹತ್ತಿರ ಆಡಿ."

ಚಿಕ್ಕಮ್ಮ ನನ್ನ ಕೆನ್ನೆ ಹಿಂಡಿದಳು. ಚೆನ್ನಾಗಿಯೇ ನೋವಾಯಿತು. ಅಮ್ಮನನ್ನು ಒಳಗೆ ತಳ್ಳಿ ಬಾಗಿಲು ಎಳೆದುಕೊಂಡೆ. ಹೊರಗಡೆ ಚಿಲಕ ಇರಲಿಲ್ಲ. ಅದಕ್ಕೆ ಬಾಗಿಲಿಗೇ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಮಾವ ಪಾತ್ರೆ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಹಿಂದೆ ಅತ್ತೆ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು.

"ನಿನ್ನ ಗಂಡ ಡ್ರೈವರಾ? ಎಮ್ಮೆ ಕಾಯೋಕೆ ಹೇಳು ಅವನಿಗೆ. ಏಳು, ಭಾರ ಇದೆ ಪಾತ್ರೆ."

"ಇಲ್ಲೇ ಇಡಿ ಮಾವ."

"ಇಲ್ಲೇ? ಮೆಟ್ಟಿಲ ಮೇಲೆ? ಏಳಮ್ಮ."

"ಏಳಲ್ಲ."

ಹಿರಿಯರಿಗೆ ನಾನು ಆ ಮಾತು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಹೇಳಿದ ಕೂಡಲೇ ಕಿವಿ ಬಿಸಿಯಾಯಿತು, ಆದರೆ ಬೆನ್ನು ಬಾಗಿಲು ಬಿಡಲಿಲ್ಲ.

"ನಾನು ಅವಳನ್ನ ಎತ್ತಿ ಆಡಿಸಿದವನು ಕಣೇ."

"ಗೊತ್ತು ಮಾವ."

"ಗೊತ್ತಿದ್ದೂ ಬಾಗಿಲಿಗೆ ಅಡ್ಡ ಕೂತಿದ್ದೀಯಾ? ನನಗೂ ಅವಳ ಧ್ವನಿ ಕೇಳಬೇಕು ಅಂತ ಇರಲ್ವಾ? ನಾನೇನು ಕಲ್ಲಾ?"

ದಾರಿಯುದ್ದಕ್ಕೂ ಮಾವನನ್ನು ತೊಡಕು ಅಂತ ಮಾತ್ರ ಎಣಿಸಿದ್ದೆ. ಅವರ ಕಣ್ಣು ಕೆಂಪಾಗಿರುವುದನ್ನು ಆಗ ನೋಡಿದೆ. ಏಳಬೇಕು ಅನ್ನಿಸಿತು. ಎದ್ದರೆ ಅಮ್ಮನಿಗೆ ಉಳಿಯುವುದು ಕೈಸನ್ನೆ.

"ಇವತ್ತಿನ ಧ್ವನಿ ಅಮ್ಮನಿಗೆ ಮಾವ," ಅಂದೆ. "ನಾಳೆ ಬೆಳಿಗ್ಗೆ ಮತ್ತೆ ಸ್ವಲ್ಪ ಬರುತ್ತೆ. ಅದು ನಿಮಗೆ. ಆಸ್ಪತ್ರೆಗೆ ನೀವೇ ವ್ಯಾನಿನಲ್ಲಿ ಕರ್ಕೊಂಡು ಹೋಗಿ. ನಾವ್ಯಾರೂ ಹತ್ತಲ್ಲ."

ಮಾವ ಅತ್ತೆಯ ಮುಖ ನೋಡಿದರು. "ಕೂತ್ಕೊಳ್ಳಿ ಅಂದ್ರೆ," ಅಂದರು ಅತ್ತೆ, ತಾವು ಆಗಲೇ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ. "ಈ ಹುಡುಗಿ ಯಾರಿಗೂ ಇಲ್ಲ ಅಂದಿದ್ದು ನಾನು ನೋಡೇ ಇಲ್ಲ. ಸುಮ್ಮನೆ ಅನ್ನೋಳಲ್ಲ."

ಮಾವ ಪಾತ್ರೆ ಇಟ್ಟು ಕೂತರು. ಒಳಗೆ ಇನ್ನೂ ಸದ್ದಿರಲಿಲ್ಲ. ಅಳುತ್ತಿದ್ದಾರೇನೋ ಅಂತ ನನಗೆ ದಿಗಿಲಾಯಿತು. ಅಳುವುದಕ್ಕೆ ಇಷ್ಟು ದೂರ ಬರಬೇಕಿರಲಿಲ್ಲ.

ಆಮೇಲೆ ಅಮ್ಮನ ಧ್ವನಿ ಎದ್ದಿತು. "ಈ ಹಲ್ಲು ನೋಡು. ನೋಡು ಅಂದೆ. ಇದು ಯಾರ ಕೆಲಸ?"

ಉತ್ತರವಾಗಿ ಬಂದದ್ದು ಒರಟು ನೆಲದ ಮೇಲೆ ತಗಡು ಎಳೆದ ಹಾಗಿತ್ತು. ಕೊಳದ ಆಚೆ ದಡಕ್ಕೆ ಮುಟ್ಟುತ್ತಿದ್ದ ಧ್ವನಿಯಲ್ಲಿ ಉಳಿದದ್ದು ಅಷ್ಟು. ಆದರೂ ಪದಗಳು ಬಿಡಿಬಿಡಿಯಾಗಿ, ಪೂರ್ತಿ ಸಿಟ್ಟಿನಿಂದ ಬಂದವು. "ನಾನು... ಬ್ರೇಕ್... ಮುಟ್ಟಲಿಲ್ಲ!"

"ಮುಟ್ಟಿದೆ! ಗಕ್ ಅಂತ ನಿಂತಿತು ಚಕ್ರ. ಗಾಳಿ ಬಂದು ನಿಲ್ಲಿಸ್ತಾ?"

"ನೀನು... ಹಿಂದೆ ನೋಡಿದೆ. ಆ... ಗಡಿಯಾರದ ಅಂಗಡಿಯವನನ್ನ!"

"ಅಯ್ಯೋ ಪಾಪಿ! ಅವನನ್ನ ನೋಡೋಕೆ ನನಗೇನು ಕಣ್ಣು ಕುರುಡಾಗಿತ್ತಾ?"

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ಅವರ ಮುಖ ಬಿಳುಚಿಕೊಂಡಿತ್ತು.

"ಇದೇನಾ? ಇದಕ್ಕಾ ಇವರು ಇಷ್ಟು ವರ್ಷ ಕಚ್ಚಾಡ್ತಿರೋದು?" ಅಂದರು ಮೆಲ್ಲಗೆ. "ನಾನು ಅಂದ್ಕೊಂಡಿದ್ದೆ ಸುಮ್ಮನೆ ತಮಾಷೆಗೆ ಅಂತ."

"ಯಾಕೆ ಮಾವ?"

"ಮುಂದಿನ ಬ್ರೇಕಿನ ರಬ್ಬರ್ ಕಿತ್ತಿದ್ದು ನಾನು. ಆಟದ ಗಾಡಿಗೆ ಚಕ್ರ ಮಾಡೋಕೆ. ಬರಿ ಕಬ್ಬಿಣ ಉಳಿದಿತ್ತು, ಅದೇ ಹೋಗಿ ಚಕ್ರಕ್ಕೆ ಕಚ್ಕೊಂಡಿರಬೇಕು. ಇವಳು ಮುಟ್ಟಿಲ್ಲ, ಅವಳು ತಿರುಗಿಲ್ಲ. ಇಬ್ಬರದೂ ತಪ್ಪಿಲ್ಲ!" ಮಾವ ಎದ್ದು ನಿಂತರು. "ಬಿಡು ದಾರಿ. ಹೇಳಿಬಿಡ್ತೀನಿ. ಈಗಲಾದರೂ ಸಮಾಧಾನ ಆಗಲಿ ಇಬ್ಬರಿಗೂ."

ನಾನು ಎರಡೂ ಕೈಯಿಂದ ಅವರ ಅಂಗಿಯ ತುದಿ ಹಿಡಿದುಕೊಂಡೆ.

"ಮಾವ, ದಮ್ಮಯ್ಯ. ಹೇಳಬೇಡಿ. ಹೇಳಿದರೆ ಜಗಳ ಮುಗಿದುಹೋಗುತ್ತೆ."

"ಮುಗೀಲಿ ಅಂತಲೇ..." ಅಂದವರು ಅರ್ಧಕ್ಕೆ ನಿಲ್ಲಿಸಿದರು. ಒಳಗೆ ಅಮ್ಮ, "ಏನಂದೆ? ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ನೋಡೋಣ," ಅನ್ನುತ್ತಿದ್ದಳು. ತಗಡಿನ ಧ್ವನಿ ಇನ್ನೊಂದು ಸಲ ಹೇಳಿತು. ಮಾವ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಮೆಲ್ಲಗೆ ಕೂತುಬಿಟ್ಟರು.

ನನ್ನ ಗಂಡ ಕಾರಿನ ಬೀಗದ ಕೈ ಆಡಿಸುತ್ತಾ ಮೇಲೆ ಬಂದರು. "ಎಲ್ಲಿಗೆ ಬಂತು?" ಅಂದರು ಪಿಸುಮಾತಿನಲ್ಲಿ.

"ಇನ್ನೂ ಇಳಿಜಾರಿನಲ್ಲೇ ಇದ್ದಾರೆ," ಅಂದರು ಮಾವ. ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದರು. "ಇವತ್ತಿನದು ನಿನ್ನ ಅಮ್ಮನಿಗೆ, ನಾಳೆಯದು ನನಗೆ. ನಿನಗೆ?"

"ನನಗೆ ಇಲ್ಲಿಂದಲೇ ಕೇಳಿಸ್ತಾ ಇದೆ."

ಒಳಗಿನ ಧ್ವನಿ ತೆಳುವಾಗುತ್ತಾ ಬಂತು. ಪದಗಳ ನಡುವೆ ಉಸಿರೇ ಹೆಚ್ಚಾಯಿತು. ಅಮ್ಮ ಪ್ರತಿ ಮಾತಿಗೂ ಕಾಯುತ್ತಿದ್ದಳು. ಕಾದು, ಕೇಳಿಸಿಕೊಂಡು, ಮತ್ತೆ ಏರುದನಿಯಲ್ಲೇ ಉತ್ತರ ಕೊಡುತ್ತಿದ್ದಳು, ಒಂದಿಷ್ಟೂ ರಿಯಾಯಿತಿ ಇಲ್ಲದೆ. ಕೆಳಗೆ ಬೀದಿಯಲ್ಲಿ ನಮ್ಮ ಕಾರು ದಾರಿಗೆ ಅಡ್ಡವಾಗಿದೆ ಅಂತ ಯಾರೋ ಕೂಗಿದರು. ಯಾರೂ ಏಳಲಿಲ್ಲ.

"ಮುಗೀತಾ?" ಅಂದರು ಅತ್ತೆ.

ನಾನು ಬಾಗಿಲಿಗೆ ಕಿವಿ ಒತ್ತಿದೆ. ಚಿಕ್ಕಮ್ಮ ಏನೋ ಅಂದಳು. ಪದ ತಿಳಿಯಲಿಲ್ಲ, ಒಪ್ಪಿಕೊಂಡ ಮಾತಂತೂ ಅಲ್ಲ. ಅದಕ್ಕೆ ಅಮ್ಮ ಮಂಚ ಗುದ್ದಿದ್ದು ಕೇಳಿಸಿತು.

"ಇನ್ನೂ ಇಲ್ಲ," ಅಂದೆ.